'ಕಮ್‌ಬ್ಯಾಕ್ ಲೋಡಿಂಗ್' ಅಂತ ಕಾಮೆಂಟ್ ಹಾಕೋರಿಗೆ

1/9

ಇದು ಫೋಟೋ ನೋಡಿ ಲೈಕ್ ಒತ್ತಿ ಹೋಗೋ ಪೋಸ್ಟ್ ಅಲ್ಲ. ಒಂಬತ್ತು ಭಾಗ ಇದೆ. ಓದೋ ಮನಸ್ಸಿದ್ರೆ ಓದಿ, ಇಲ್ಲಾಂದ್ರೆ ಸ್ಕ್ರೋಲ್ ಮಾಡಿ, ಬೇಜಾರಿಲ್ಲ.

ಹೋದ ಭಾನುವಾರ ನಮ್ಮ ಕಾಲೇಜಿನ ಫಸ್ಟ್ ಇಯರ್ ಹುಡುಗ ಒಬ್ಬ ನಂದಿ ಬೆಟ್ಟ ಇಳಿಯುವಾಗ ತಿರುವಿನಲ್ಲಿ ಬಿದ್ದ. ಕಾಲರ್ ಬೋನ್ ಮುರಿದಿದೆ. ಆಸ್ಪತ್ರೆ ಬೆಡ್ ಮೇಲಿಂದ ಒಂದು ಫೋಟೋ ಹಾಕಿದ, ಕೈ ಸ್ಲಿಂಗ್‌ನಲ್ಲಿ, ಮುಖದಲ್ಲಿ ಒತ್ತಾಯದ ನಗು. ಅದರ ಕೆಳಗೆ ನೀವೆಲ್ಲ ಬರೆದಿದ್ದನ್ನ ಓದಿದೆ. 'ಕಮ್‌ಬ್ಯಾಕ್ ಲೋಡಿಂಗ್'. 'ನೋ ಎಕ್ಸ್‌ಕ್ಯೂಸಸ್ ಮಗಾ'. 'ಮೂರು ವಾರ ಸಾಕು, ಪ್ರೋಗಳು ಹತ್ತೇ ದಿನಕ್ಕೆ ಬರ್ತಾರೆ'. ಬೆಂಕಿ ಎಮೋಜಿ ಅಂತೂ ಲೆಕ್ಕಕ್ಕೇ ಸಿಗಲ್ಲ. ರಾತ್ರಿ ಹನ್ನೊಂದಕ್ಕೆ ಅವನು ನನಗೆ ಮೆಸೇಜ್ ಮಾಡಿದ: 'ಅಣ್ಣಾ, ಮೂರು ವಾರಕ್ಕೆ ಓಡಿಸಬಹುದಾ? ಎಲ್ಲರೂ ಆಗುತ್ತೆ ಅಂತಿದಾರೆ.'

ನನ್ನನ್ನೇ ಯಾಕೆ ಕೇಳಿದ ಅಂದ್ರೆ, ಈ ಚಳಿಗಾಲ ಪೂರ್ತಿ ನಾನೂ ಅದೇ ಮೂಳೆ ಮುರ್ಕೊಂಡು ಮನೇಲಿ ಕೂತಿದ್ದೆ. ಎರಡು ಸಲ ಮುರ್ಕೊಂಡೆ. ಮೊದಲನೇ ಸಲ ಮುರಿದಿದ್ದು ರಸ್ತೆ ಮೇಲಿನ ಜಲ್ಲಿಯಿಂದ. ಎರಡನೇ ಸಲ ಇಂಥ ಕಾಮೆಂಟುಗಳಿಂದ. ಕಾಮೆಂಟಿಗೆ ಮೂಳೆ ಮುರಿಯೋ ಶಕ್ತಿ ಇದೆಯಾ ಅಂತ ನಗಬೇಡಿ, ಹೇಳ್ತೀನಿ.

2/9

(ಫೋಟೋ: ಮಂಜಿನಲ್ಲಿ ಬಳ್ಳಾರಿ ರಸ್ತೆ, ಅಕ್ಟೋಬರ್ ಕೊನೆ. ಇನ್ನೂ ಕೈ ಸರಿಯಿದ್ದಾಗ.)

ಫಾಲೋ ಮಾಡೋರಲ್ಲಿ ಅರ್ಧ ಜನಕ್ಕೆ ಹುಣಸಮಾರನಹಳ್ಳಿ ಅಂದ್ರೆ ಏರ್‌ಪೋರ್ಟಿಗೆ ಹೋಗುವಾಗ ಕ್ಯಾಬ್ ಕಿಟಕೀಲಿ ಕಾಣೋ ಬೋರ್ಡು ಅಷ್ಟೇ. ಯಲಹಂಕದ ಏರ್‌ಫೋರ್ಸ್ ಸ್ಟೇಷನ್ ದಾಟಿದ ಮೇಲೆ ಬರುತ್ತೆ. ಇಲ್ಲಿರೋದರ ದೊಡ್ಡ ಲಾಭ ಒಂದೇ. ಜಯನಗರದವರು ಮೂರೂವರೆಗೆ ಎದ್ದು ಊರೆಲ್ಲ ಸುತ್ತಿ ಹೆಬ್ಬಾಳ ದಾಟೋ ಹೊತ್ತಿಗೆ ನಾವಿನ್ನೂ ಕಂಬಳಿ ಒಳಗೆ ಇರ್ತೀವಿ. ಸರ್ವೀಸ್ ರೋಡಿಗೆ ಇಳಿದರೆ ಚಿಕ್ಕಜಾಲ, ಸಾದಹಳ್ಳಿ, ದೇವನಹಳ್ಳಿ, ಅದು ದಾಟಿ ಎಡಕ್ಕೆ ತಿರುಗಿದರೆ 1478 ಮೀಟರ್ ಎತ್ತರದ ನಂದಿ ಎದುರಿಗೇ. ಬೆಂಗಳೂರಲ್ಲಿ ಚಳಿ ಎಲ್ಲಿದೆ ಅನ್ನೋರು ಡಿಸೆಂಬರಿನ ಬೆಳಗಿನ ಐದು ಗಂಟೆಗೆ ಚಿಕ್ಕಜಾಲದ ಹತ್ತಿರ ಸೈಕಲ್ ಮೇಲೆ ಬನ್ನಿ. ಹದಿನೈದು ಡಿಗ್ರಿ ಅಂತ ಫೋನ್ ತೋರಿಸುತ್ತೆ. ಮೂವತ್ತರ ಸ್ಪೀಡಲ್ಲಿ ಗಾಳಿಗೆ ಬೆರಳು ಮರಗಟ್ಟಿದಾಗ ಬ್ರೇಕ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ.

ನವೆಂಬರ್ ಎರಡನೇ ಭಾನುವಾರ. ನಂದಿ ಮುಗಿಸಿ ವಾಪಸ್ ಬರ್ತಿದ್ದೆ. ಮನೆಗೆ ಇನ್ನು ಎರಡೇ ಕಿಲೋಮೀಟರ್. ಸರ್ವೀಸ್ ರೋಡಿನ ಒಂದು ತಿರುವಿನಲ್ಲಿ ಚೆಲ್ಲಿದ್ದ ಜಲ್ಲಿ ಮೇಲೆ ಮುಂದಿನ ಚಕ್ರ ಜಾರಿತು, ಬಲಭುಜದ ಮೇಲೆ ಬಿದ್ದೆ. ಎದ್ದು ಕೂತ್ಕೊಂಡು ಮೊದಲು ನೋಡಿದ್ದು ಸೈಕಲ್ಲನ್ನ, ಆಮೇಲೆ ಭುಜವನ್ನ. ಸೈಕಲ್ ಓಡಿಸೋರಿಗೆ ಇದು ಅರ್ಥ ಆಗುತ್ತೆ, ಬೇರೆಯವರಿಗೆ ಹೇಳೋಕೆ ಹೋಗಲ್ಲ.

3/9

ಡಾಕ್ಟರ್ ಹೇಳಿದ್ದು ಸ್ಪಷ್ಟ. ಆರು ವಾರ ಸ್ಲಿಂಗ್, ಆಮೇಲೆ ಎಕ್ಸ್‌ರೇ, ಎಕ್ಸ್‌ರೇ ನೋಡಿ ಮುಂದಿನ ಮಾತು. ಅಜ್ಜಿ ಎಂದಿನಂತೆ 'ಪುತ್ತೂರು ಕಟ್ಟಿಗೆ ಕರ್ಕೊಂಡು ಹೋಗಿ' ಅಂದ್ರು. ನಾವು ಹೋಗಲಿಲ್ಲ. ಆದರೆ ಒಂದು ಮಾತು: ಕಟ್ಟು ಹಾಕೋರು ಕೂಡ ವಾರಗಟ್ಟಲೆ ಕಟ್ಟು ಬಿಚ್ಚಬೇಡ ಅಂತಾರೆ. ಮೂರು ವಾರಕ್ಕೆ ನಂದಿ ಹತ್ತು ಅಂತ ಹೇಳಿದ್ದು ಡಾಕ್ಟರೂ ಅಲ್ಲ, ಕಟ್ಟು ಹಾಕೋರೂ ಅಲ್ಲ. ನನ್ನ ಫೋನು.

ಮೂರನೇ ವಾರಕ್ಕೆ ನೋವು ಇಳೀತು. ಅದೇ ವಾರ ಗ್ರೂಪ್ ನಂದಿಗೆ ಹೋಯ್ತು. ಮೋಡದ ಮೇಲಿಂದ ಸೂರ್ಯ, ಸ್ಟ್ರಾವಾ ಸ್ಕ್ರೀನ್‌ಶಾಟ್, ನನ್ನ ಟ್ಯಾಗ್ ಮಾಡಿ 'ಯಾವಾಗ ಮಗಾ? ಇನ್ನೂ ಮಲ್ಕೊಂಡೇ ಇದೀಯಾ?' ನಾನೂ ಪೆದ್ದನ ಥರ 'ಲೋಡಿಂಗ್' ಅಂತ ಉತ್ತರ ಹಾಕಿದೆ. ಹಾಕಿದ ಮೇಲೆ ಮಾಡಿ ತೋರಿಸಬೇಕಲ್ಲ.

ಇಪ್ಪತ್ನಾಲ್ಕನೇ ದಿನ ಅಮ್ಮ ಹಾಲಿಗೆ ಹೋದಾಗ ಸ್ಲಿಂಗ್ ಬಿಚ್ಚಿಟ್ಟು ಸೈಕಲ್ ತೆಗೆದೆ. ಚಿಕ್ಕಜಾಲದ ತನಕ ಹೋಗಿ ಒಂದು ಸೆಲ್ಫಿ ಹಾಕಿ ಬರೋದು, ಅಷ್ಟೇ ಪ್ಲಾನು. ದಾರೀಲಿ ಬಣ್ಣ ಬಳಿಯದ ಒಂದು ಹಂಪ್ ಬಂತು. ಬೀಳಲಿಲ್ಲ. ಬರೀ ಹ್ಯಾಂಡಲ್ ಮೇಲೆ ಭಾರ ಬಿತ್ತು. ಭುಜದೊಳಗೆ 'ಟಕ್' ಅಂತು. ಆ ಶಬ್ದ ಈಗಲೂ ನೆನಪಿದೆ.

ನೋವು ಹೋದರೆ ಮೂಳೆ ಕೂಡಿದೆ ಅಂತ ನಾನು ಅಂದ್ಕೊಂಡಿದ್ದೆ. ನೀವೂ ಅಂದ್ಕೊಂಡಿರ್ತೀರಾ. ಮುರಿದ ಜಾಗದಲ್ಲಿ ಮೊದಲು ಕಟ್ಟೋದು ಮೆತ್ತನೆಯ ಕ್ಯಾಲಸ್. ಎರಡು ಮೂರು ವಾರಕ್ಕೆ ಅದು ತುದಿಗಳನ್ನ ಹಿಡ್ಕೊಳ್ಳುತ್ತೆ, ಅಲುಗಾಟ ನಿಲ್ಲುತ್ತೆ, ಅದಕ್ಕೇ ನೋವು ಕಮ್ಮಿ ಆಗೋದು. ಗಟ್ಟಿ ಆಗೋಕೆ ಇನ್ನೂ ವಾರಗಳು ಬೇಕು. ನಮ್ಮೂರಲ್ಲಿ ಬೀದಿಗೊಂದು ಮನೆ ಕಟ್ತಿದಾರೆ, ಹೋಗಿ ಯಾವ ಮೇಸ್ತ್ರಿಯನ್ನಾದ್ರೂ ಕೇಳಿ: ಮೋಲ್ಡಿಂಗ್ ಹಾಕಿದ ಮೂರನೇ ದಿನ ಮೇಲೆ ನೋಡೋಕೆ ಒಣಗಿದೆ ಅಂತ ಸೆಂಟ್ರಿಂಗ್ ಬಿಚ್ತೀರಾ?

4/9

ಇದರ ಬಿಲ್ ಯಾರು ಕಟ್ಟಿದ್ದು ಅಂತ ಹೇಳಿಬಿಡ್ತೀನಿ. ಮತ್ತೆ ಎಕ್ಸ್‌ರೇ, ಮತ್ತೆ ಆರು ವಾರ. ಅಪ್ಪ ಏರ್‌ಪೋರ್ಟ್ ಕಡೆ ಗಾಡಿ ಓಡಿಸ್ತಾರೆ, ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ ಎಲ್ಲ ಡ್ಯೂಟಿ ಕಟ್. ಅಮ್ಮ ಒಂದೂ ಬೈಗುಳ ಬೈಯಲಿಲ್ಲ, ಅದೇ ಕಷ್ಟ. ಅವರೆಕಾಯಿ ಸೀಸನ್, ಕೂತು ಹಿತುಕಬೇಳೆ ಹಿತುಕ್ತಾ ಇದ್ದವರು ತಲೆ ಎತ್ತದೆ ಕೇಳಿದ್ದು ಒಂದೇ: 'ಯಾರಿಗೋಸ್ಕರ ಹೋದೆ?' ಉತ್ತರ ಇರಲಿಲ್ಲ.

ಜನವರಿ ಮೊದಲ ವಾರ ಸೆಮಿಸ್ಟರ್ ಪರೀಕ್ಷೆ. ಮುರಿದಿದ್ದು ಬಲಗಡೆ. ಹತ್ತು ನಿಮಿಷ ಬರೆಯೋದು, ಪೆನ್ ಇಟ್ಟು ಕೈ ತೊಡೆ ಮೇಲೆ ಇಟ್ಕೊಳ್ಳೋದು, ಮತ್ತೆ ಬರೆಯೋದು. ಕಾಸ್ಟ್ ಅಕೌಂಟಿಂಗ್‌ನಲ್ಲಿ ಕೊನೆಯ ದೊಡ್ಡ ಲೆಕ್ಕ ಬರುತ್ತಿತ್ತು, ಬರೆಯೋಕೆ ಕೈ ಬರಲಿಲ್ಲ. ಆ ಲೆಕ್ಕದ ಅಂಕ ಹೋಯ್ತು. 'ನೋ ಎಕ್ಸ್‌ಕ್ಯೂಸಸ್' ಅಂದವರಲ್ಲಿ ಇಬ್ಬರು ಅದೇ ಹಾಲ್‌ನಲ್ಲಿ, ನನ್ನ ಹಿಂದಿನ ಬೆಂಚಲ್ಲೇ ಇದ್ರಿ. ಹೊರಗೆ ಬಂದ ಮೇಲೆ 'ಹೆಂಗಿತ್ತು ಪೇಪರ್' ಅಂತ ಕೇಳಿದ್ರಿ ಕೂಡ.

ಬಿ.ಕಾಂ. ಓದೋ ನಮಗೆ ಇದು ಅರ್ಥ ಆಗದೇ ಇರೋದು ನಾಚಿಕೆ. ಕನ್ಸರ್ವೇಟಿಸಂ ಪ್ರಿನ್ಸಿಪಲ್ ಮೊದಲ ಸೆಮಿಸ್ಟರಿಂದ ಬಾಯಿಪಾಠ: ಬರಬಹುದಾದ ನಷ್ಟಕ್ಕೆಲ್ಲ ಪ್ರಾವಿಷನ್ ಮಾಡು, ಕೈಗೆ ಬರದ ಲಾಭವನ್ನ ಪುಸ್ತಕದಲ್ಲಿ ಬರೀಬೇಡ. 'ಕಮ್‌ಬ್ಯಾಕ್ ಲೋಡಿಂಗ್' ಅಂದ್ರೆ ಏನು? ಕೈಗೆ ಬರದ ಲಾಭಕ್ಕೆ ಮುಂಚೇನೇ ಎಂಟ್ರಿ ಹಾಕೋದು. ಅದೂ ಬೇರೆಯವರ ಪುಸ್ತಕದಲ್ಲಿ.

5/9

'ಪ್ರೋಗಳು ಹತ್ತೇ ದಿನಕ್ಕೆ ಬರ್ತಾರೆ.' ಹೌದು, ಕೆಲವರು ಬರ್ತಾರೆ. ಆಪರೇಷನ್ ಮಾಡಿಸಿ ಪ್ಲೇಟ್, ಸ್ಕ್ರೂ ಹಾಕಿಸ್ಕೊಂಡು, ಟೀಮ್ ಡಾಕ್ಟರ್, ಫಿಸಿಯೋ ಪಕ್ಕದಲ್ಲಿ ಇಟ್ಕೊಂಡು ಬರ್ತಾರೆ. ಅದು ಅವರ ಸಂಬಳದ ಕೆಲಸ. ನಿಮಗೆ ಸ್ಟ್ರಾವಾದವರು ಸಂಬಳ ಕೊಡ್ತಿದಾರಾ?

ಈ ಕಥೆಯ ದೊಡ್ಡ ಹೀರೋ ಟೈಲರ್ ಹ್ಯಾಮಿಲ್ಟನ್. 2003ರ ಟೂರ್ ಡಿ ಫ್ರಾನ್ಸ್‌ನ ಮೊದಲ ಸ್ಟೇಜಲ್ಲೇ ಬಿದ್ದು ಕಾಲರ್ ಬೋನ್ ಬಿರುಕು ಬಿಡ್ತು, ಆದ್ರೂ ಪೂರ್ತಿ ಓಡಿಸಿ ಒಂದು ಸ್ಟೇಜ್ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದ. ಈಗಲೂ ರೀಲ್‌ಗಳಲ್ಲಿ ಆ ಕ್ಲಿಪ್ ಸುತ್ತುತ್ತೆ, ಹಿನ್ನೆಲೆಯಲ್ಲಿ ಕೆಜಿಎಫ್ ಬಿಜಿಎಂ. ರೀಲ್ ಹೇಳದೇ ಇರೋದು ಏನಂದ್ರೆ, ಅದೇ ಹ್ಯಾಮಿಲ್ಟನ್‌ಗೆ ಆಮೇಲೆ ಬ್ಲಡ್ ಡೋಪಿಂಗ್‌ಗೆ ಎರಡು ವರ್ಷ ನಿಷೇಧ ಆಯ್ತು, 2011ರಲ್ಲಿ ಟಿವಿಯಲ್ಲಿ ಕೂತು ತಾನು ಡೋಪಿಂಗ್ ಮಾಡ್ತಿದ್ದೆ ಅಂತ ತಾನೇ ಒಪ್ಕೊಂಡ. 'ಮನಸ್ಸಿದ್ರೆ ಮಾರ್ಗ' ಅಂತ ನೀವು ಕ್ಯಾಪ್ಶನ್ ಹಾಕೋ ಕ್ಲಿಪ್‌ನ ಹೀರೋ ಇವನು.

ಬೇರೆಯವರನ್ನ ನೋಡಿ. ವೌಟ್ ವಾನ್ ಆರ್ಟ್ ಇಡೀ ಚಳಿಗಾಲ ಫ್ಲಾಂಡರ್ಸ್, ರೂಬೆ ರೇಸುಗಳಿಗೆ ಅಂತಾನೇ ತಯಾರಾದ. 2024ರ ಮಾರ್ಚ್ 27ಕ್ಕೆ ಬಿದ್ದು ಕಾಲರ್ ಬೋನ್, ಪಕ್ಕೆಲುಬು ಮುರ್ಕೊಂಡ. ಎರಡೂ ರೇಸ್ ಬಿಟ್ಟ, ಜಿರೋ ಕೂಡ ಬಿಟ್ಟ. ಈಗನ್ ಬೆರ್ನಾಲ್, 2019ರ ಟೂರ್ ಗೆದ್ದವನು, 2022ರ ಜನವರಿಯಲ್ಲಿ ಪ್ರಾಕ್ಟೀಸ್ ಮಾಡುವಾಗ ನಿಂತಿದ್ದ ಬಸ್ಸಿಗೆ ಗುದ್ದಿ ಇಪ್ಪತ್ತರ ಆಸುಪಾಸು ಮೂಳೆ ಮುರ್ಕೊಂಡ. ರೇಸಿಗೆ ವಾಪಸ್ ಬಂದಿದ್ದು ಆಗಸ್ಟಲ್ಲಿ. ಏಳು ತಿಂಗಳು ಮಗಾ. ಆ ಏಳು ತಿಂಗಳನ್ನ ರೀಲ್ ಮಾಡೋಕಾಗಲ್ಲ, ಅದಕ್ಕೇ ನೀವು ನೋಡಿಲ್ಲ.

ನಮ್ಮಲ್ಲೇ ಬ್ರೆವೆ ಓಡಿಸೋ ಸೀನಿಯರ್‌ಗಳನ್ನ ಮಾತಾಡಿಸಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ ನಲವತ್ತು. ರ‍್ಯಾಂಕ್ ಇಲ್ಲ. ಆಗಲಿಲ್ಲ ಅಂದ್ರೆ ಡಿಎನ್‌ಎಫ್ ಅಂತ ಹೇಳಿ ಬಸ್ ಹತ್ತಿ ಮನೆಗೆ ಬರ್ತಾರೆ, ಮುಂದಿನ ತಿಂಗಳು ಮತ್ತೆ ಹೋಗ್ತಾರೆ. ಅವರ ಬಾಯಲ್ಲಿ 'ನೋ ಎಕ್ಸ್‌ಕ್ಯೂಸಸ್' ಅನ್ನೋ ಮಾತನ್ನ ನಾನಂತೂ ಕೇಳಿಲ್ಲ.

6/9

(ಫೋಟೋ: ನನ್ನ ಮುಂದಿನ ಟೈರ್. ಝೂಮ್ ಮಾಡಿ.)

ಈಗ ನನ್ನ ಮಾನ ನಾನೇ ಕಳ್ಕೊಳ್ತೀನಿ.

ಬಿದ್ದ ದಿನದಿಂದ ಎಲ್ಲರಿಗೂ ಜಲ್ಲಿ ಕಥೆ ಹೇಳಿದೆ. ಜಲ್ಲಿ ಇತ್ತು, ಸುಳ್ಳಲ್ಲ. ಡಿಸೆಂಬರಲ್ಲಿ ಎರಡನೇ ಸಲ ಸ್ಲಿಂಗ್ ಹಾಕ್ಕೊಂಡು ಕೂತಾಗ ಮಾಡೋಕೆ ಕೆಲಸ ಇರಲಿಲ್ಲ. ಧನುರ್ಮಾಸ, ಬೆಳಗಿನ ಜಾವಕ್ಕೆ ದೇವಸ್ಥಾನದ ಮೈಕು ಎಬ್ಬಿಸುತ್ತೆ, ಮತ್ತೆ ನಿದ್ದೆ ಬರಲ್ಲ. ತಂಗಿಯನ್ನ ಎಬ್ಬಿಸಿ ಸೈಕಲ್ ತಲೆಕೆಳಗೆ ನಿಲ್ಲಿಸಿದೆ. ನನ್ನದು ಎಡಗೈ ಒಂದು, ಅವಳದು ಎರಡು, ಒಟ್ಟು ಮೂರು ಕೈ. ಟೈರ್ ಒರೆಸಿ ನೋಡಿದ್ರೆ ಮಧ್ಯಭಾಗ ಚಪ್ಪಟೆ, ಒಂದು ಕಡೆ ರಬ್ಬರ್ ಹೋಗಿ ಒಳಗಿನ ನೂಲು ಕಾಣ್ತಿದೆ. ಅದಕ್ಕೆ ನಾನು ಸೈಡಲ್ಲಿ ಬರೆದಿರೋ ಮ್ಯಾಕ್ಸಿಮಂ ತನಕ, 120 ಪಿಎಸ್‌ಐ ಗಾಳಿ ತುಂಬ್ತಿದ್ದೆ. ನನ್ನ ತೂಕ 58 ಕೆಜಿ. ಕಲ್ಲಿನಂಥ ಟೈರು, ಅದರ ಕೆಳಗೆ ಜಲ್ಲಿ. ಬ್ರೇಕ್ ಪ್ಯಾಡ್ ತೆಗೆದ್ರೆ ರಿಮ್ಮಿನ ಅಲ್ಯೂಮಿನಿಯಂ ಚೂರುಗಳು ರಬ್ಬರಲ್ಲಿ ನಾಟ್ಕೊಂಡು ಮಿಂಚ್ತಾ ಇವೆ.

'ಅಣ್ಣಾ, ಇದನ್ನ ಒಂದು ಸಲಾನೂ ನೋಡಿರಲಿಲ್ವಾ?' ಅಂದ್ಲು ತಂಗಿ. ಅವಳು ಪಿಯುಸಿ.

ನೋಡಿರಲಿಲ್ಲ. ಎರಡು ವರ್ಷ ಓಡಿಸಿದೀನಿ. ಜೆರ್ಸಿ ಮೂರು ಇದೆ. ವಾಟ್ಸ್, ಕೇಡೆನ್ಸ್ ಅಂತ ಮಾತಾಡ್ತಿದ್ದೆ. ಮಷೀನರಿಗೆ ಡಿಪ್ರಿಸಿಯೇಷನ್ 15 ಪರ್ಸೆಂಟ್ ಅಂತ ಪರೀಕ್ಷೇಲಿ ಬರೀತೀನಿ, ನನ್ನ ಮಷೀನ್ ಕಣ್ಣೆದುರಿಗೇ ಸವೀತಿದ್ದಾಗ ನೋಡಲಿಲ್ಲ. ಆ 'ನೋ ಎಕ್ಸ್‌ಕ್ಯೂಸಸ್' ಗುಂಗಲ್ಲಿ ನಿಂತು ನೋಡೋದೇ ಅವಮಾನ. ಓಡ್ತಾ ಇರಬೇಕು, ಪೋಸ್ಟ್ ಹಾಕ್ತಾ ಇರಬೇಕು. ಸೈಕಲ್ಲನ್ನ ನೋಡಿಕೊಳ್ಳದೇ ಇರೋಕೂ ಭುಜವನ್ನ ನೋಡಿಕೊಳ್ಳದೇ ಇರೋಕೂ ಕಾರಣ ಅದೇ ಅವಸರ.

7/9

ಆರು ವಾರದಲ್ಲಿ ಮೂರು ಕೈಯಲ್ಲಿ ಮಾಡಿದ ಕೆಲಸ ಬರೀತೀನಿ. ಕೂತಿರೋನು ಸುಮ್ಮನೆ ಕೂತಿರ್ತಾನೆ ಅನ್ನೋರು ಓದಲಿ.

ಚೈನ್. ಇದಕ್ಕೆ ಸ್ಪೆಷಲ್ ಟೂಲ್ ಬೇಡ, ಹನ್ನೆರಡು ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟರೆ ಹೊಸ ಚೈನಲ್ಲಿ ಹನ್ನೆರಡನೇ ಇಂಚು ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯಕ್ಕೆ ಬರುತ್ತೆ. ಆ ಪಿನ್ ಸುಮಾರು ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ರೆ ಚೈನ್ ಬದಲಾಯಿಸಿ. ಮೂರು ಮಿಲಿಮೀಟರ್ ದಾಟಿದ್ರೆ ಕ್ಯಾಸೆಟ್ಟಿನ ಹಲ್ಲನ್ನೂ ತಿಂದು ಹಾಕಿರುತ್ತೆ, ಖರ್ಚು ಎರಡರದ್ದೂ. ನನ್ನದು ಎರಡರ ಹತ್ತಿರ ಇತ್ತು, ಕ್ಯಾಸೆಟ್ ಉಳೀತು. ಚಳಿಗಾಲದಲ್ಲಿ ನಮ್ಮ ಕಡೆ ಮಳೆಗಿಂತ ಧೂಳಿನ ಕಾಟ. ಕೆಲಸ ನಡೀತಿರೋ ರಸ್ತೆ, ಟಿಪ್ಪರ್ ಲಾರಿ, ಮೇಲಿಂದ ಇಬ್ಬನಿ. ಎಣ್ಣೆ ಜಾಸ್ತಿ ಸುರಿದ್ರೆ ಆ ಧೂಳು ಅಂಟ್ಕೊಂಡು ಎಮರಿ ಪೇಪರ್ ಥರ ಉಜ್ಜುತ್ತೆ. ಒಂದೊಂದು ಕೊಂಡಿಗೆ ಒಂದೇ ಹನಿ, ಹತ್ತು ನಿಮಿಷ ಬಿಟ್ಟು ಬಟ್ಟೇಲಿ ಪೂರ್ತಿ ಒರೆಸಿ.

ಎಡಗಡೆ ಪೆಡಲ್. ಅರ್ಧ ಗಂಟೆ ತಂಗಿ ಸ್ಪಾನರ್ ಮೇಲೆ ನೇತಾಡಿದ್ಲು, ಅಲ್ಲಾಡಲಿಲ್ಲ. ಕೊನೆಗೆ ಯಲಹಂಕದ ಸೈಕಲ್ ಅಂಗಡಿ ಯಜಮಾನರಿಗೆ ವಿಡಿಯೋ ಕಾಲ್ ಮಾಡಿದೆ. ನಕ್ಕುಬಿಟ್ರು. 'ಎಡಗಡೆದು ಉಲ್ಟಾ ಥ್ರೆಡ್ ಕಣಪ್ಪಾ, ಇಷ್ಟೊತ್ತು ಬಿಗಿ ಮಾಡ್ತಾ ಇದೀರಾ.' ತುಳಿಯುವಾಗ ತಾನಾಗೇ ಬಿಚ್ಕೋಬಾರದು ಅಂತ ಹಾಗೆ ಮಾಡಿರ್ತಾರೆ.

ಹಿಂದಿನ ಚಕ್ರದ ಬೆಂಡ್. ಫ್ರೇಮಿಗೆ ಒಂದು ಜಿಪ್ ಟೈ ಕಟ್ಟಿ ತುದಿ ರಿಮ್ಮಿಗೆ ಮುಟ್ಟೋ ಹಾಗೆ ಬಿಟ್ಟು ಚಕ್ರ ತಿರುಗಿಸಿದ್ರೆ ಎಲ್ಲಿ ತಾಗುತ್ತೆ ಗೊತ್ತಾಗುತ್ತೆ. ರಿಮ್ ಬಲಕ್ಕೆ ವಾಲಿದ್ರೆ ಆ ಜಾಗದ ಎಡಗಡೆಯ ಕಡ್ಡಿ ಬಿಗಿ ಮಾಡಬೇಕು, ಒಂದು ಸಲಕ್ಕೆ ಕಾಲು ಸುತ್ತು ಅಷ್ಟೇ. ಅವಸರ ಪಟ್ಟು ಒಂದೇ ಸಲ ಪೂರ್ತಿ ಸುತ್ತು ತಿರುಗಿಸಿದೆ, ಚಕ್ರ ಹಪ್ಪಳ ಆಯ್ತು. ಬಿಚ್ಚಿ ಮೊದಲಿಂದ. ಮೂರು ಸಂಜೆ ಹಿಡೀತು.

ಗೇರ್ ಟ್ಯೂನಿಂಗ್, ಬ್ರೇಕ್ ಕೇಬಲ್ ಎಲ್ಲ ಆಯ್ತು, ಅದನ್ನ ಬರೆಯೋಕೆ ಹೋದ್ರೆ ಈ ಸೀರೀಸ್ ಮುಗಿಯಲ್ಲ. ಪ್ಯಾಡಿನ ಚೂರು ಸೂಜೀಲಿ ತೆಗೆದು ಉಜ್ಜಿದ್ವಿ. ಹೊಸ ಟೈರ್ ಹಾಕಿದ್ವಿ, ಗಾಳಿ ಈಗ 80ರ ಹತ್ತಿರ. ಹೆಲ್ಮೆಟ್ ಹೊಸದು ತಗೊಂಡೆ, ಯಾಕಂದ್ರೆ ಒಂದು ಸಲ ನೆಲಕ್ಕೆ ಬಡಿದ ಹೆಲ್ಮೆಟ್ಟಿನ ಒಳಗಿನ ಫೋಮ್ ಕುಸಿದಿರುತ್ತೆ, ಹೊರಗೆ ಕಾಣದೇ ಇದ್ರೂ ಮತ್ತೆ ಹಾಕಬಾರದು. ಇದು ನಿಮಗೆಲ್ಲ ಗೊತ್ತು, ಗ್ರೂಪಲ್ಲಿ ಎಲ್ಲರಿಗೂ ಬುದ್ಧಿ ಹೇಳ್ತೀರಾ. ಅದೇ ಬಾಯಲ್ಲಿ ಮೂಳೆಗೆ ಮೂರು ವಾರ ಸಾಕು ಅಂತೀರಾ.

8/9

ನಿಮ್ಮ ವಾದ ಗೊತ್ತು. 'ನಾವು ಮೋಟಿವೇಟ್ ಮಾಡಿದ್ವಿ. ಬಿದ್ದವನಿಗೆ ಧೈರ್ಯ ಬೇಡ್ವಾ?'

ಬೇಕು. ನನಗೂ ಬೇಕಿತ್ತು. ಮೊದಲ ವಾರ ರಾತ್ರಿ ಮಗ್ಗುಲು ಬದಲಾಯಿಸೋಕೆ ಆಗದೆ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ದಾಗ ಯಾರಾದ್ರೂ ಬಂದು ಪಕ್ಕದಲ್ಲಿ ಕೂತ್ಕೊಂಡಿದ್ರೆ ಸಾಕಿತ್ತು. ಬಂದವನು ಒಬ್ಬನೇ, ಸೈಕಲ್ ಮುಟ್ಟದೇ ಇರೋ ನಮ್ಮ ಕ್ಲಾಸಿನ ಹುಡುಗ. ಮೂರು ಸಬ್ಜೆಕ್ಟ್ ನೋಟ್ಸ್ ಕಾಪಿ ಮಾಡಿಕೊಟ್ಟು, ಅಮ್ಮ ಕೊಟ್ಟ ಅವರೆಕಾಳು ಉಪ್ಪಿಟ್ಟು ತಿಂದು ಹೋದ. ಅವನು ಇವತ್ತಿನ ತನಕ ನನ್ನ ಪೋಸ್ಟಿಗೆ ಒಂದು ಬೆಂಕಿ ಎಮೋಜಿ ಹಾಕಿಲ್ಲ.

ಇನ್ನೊಂದು ವಾದ: 'ಮನೇಲಿ ಟ್ರೈನರ್ ಹಾಕ್ಕೊಂಡು ಓಡಿಸು, ಫಿಟ್‌ನೆಸ್ ಹೋಗುತ್ತೆ.' ನೀವು ತೋರಿಸಿದ ಸ್ಮಾರ್ಟ್ ಟ್ರೈನರಿನ ರೇಟು ನನ್ನ ಸೈಕಲ್ ರೇಟಿಗಿಂತ ಜಾಸ್ತಿ. ಇದನ್ನ ಬಿಟ್ಟಿ ಸಲಹೆ ಅಂತ ಹಂಚಬೇಡಿ, ಎಲ್ಲರ ಮನೇಲೂ ಅಷ್ಟು ದುಡ್ಡು ಇರಲ್ಲ, ಅಷ್ಟು ಜಾಗ ಕೂಡ ಇರಲ್ಲ. ಡಾಕ್ಟರ್ ನಡೀಬಹುದು ಅಂದ್ರು, ನಡೆದೆ. ದಿನಾ ಬೆಟ್ಟಹಲಸೂರು ಕಡೆಗೆ ಹೋಗಿ ಬರೋದು. ಫಿಟ್‌ನೆಸ್ ಹೋಯ್ತಾ? ಹೋಯ್ತು. ಈಗ ಫ್ಲೈಓವರ್ ಏರಿದ್ರೆ ಏದುಸಿರು. ವಾಪಸ್ ಬರುತ್ತೆ. ಹೋದ ಅಂಕ ವಾಪಸ್ ಬರಲ್ಲ, ಅಪ್ಪನ ಡ್ಯೂಟಿ ದುಡ್ಡು ವಾಪಸ್ ಬರಲ್ಲ.

'ಹಾಗಾದ್ರೆ ತಪ್ಪು ನಿಂದೇ ಅಲ್ವಾ? ನಾವೇನು ಬಲವಂತ ಮಾಡಿದ್ವಾ?' ಅಂತ ಕೇಳ್ತೀರಾ. ಹೌದು, ಸ್ಲಿಂಗ್ ಬಿಚ್ಚಿದ್ದು ನಾನೇ. ಇಪ್ಪತ್ತು ವರ್ಷದವನು, ಬುದ್ಧಿ ಇರಬೇಕಿತ್ತು. ಆದರೆ ಈಗ ಬಿದ್ದಿರೋನು ಹದಿನೆಂಟು. ಅವನಿಗೆ ನೀವು ಸೀನಿಯರ್‌ಗಳು, ನೀವು ಹೇಳಿದ್ದು ಅವನಿಗೆ ಡಾಕ್ಟರ್ ಮಾತಿಗಿಂತ ದೊಡ್ಡದಾಗಿ ಕೇಳಿಸುತ್ತೆ. ಹೋಗಿ ಆ ಕಾಮೆಂಟ್ ಡಿಲೀಟ್ ಮಾಡಿ. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ, ಹೆಸರು ಹಾಕಲ್ಲ, ನಿಮಗೇ ಗೊತ್ತು.

9/9

ತಮ್ಮಾ, ನಿನ್ನ ಮೆಸೇಜಿಗೆ ಉತ್ತರ. ಮೂರು ವಾರಕ್ಕೆ ಆಗಲ್ಲ. ಎಷ್ಟು ವಾರ ಅಂತ ನಾನೂ ಹೇಳಲ್ಲ, ನಿನ್ನ ಎಕ್ಸ್‌ರೇ ನೋಡಿ ನಿನ್ನ ಡಾಕ್ಟರ್ ಹೇಳಬೇಕು. ನೋವು ಇಲ್ಲದ ದಿನ ಜಾಸ್ತಿ ಹುಷಾರಾಗಿರು, ನಾನು ಮೋಸ ಹೋಗಿದ್ದು ಆ ದಿನಾನೇ. ಟ್ಯಾಗ್ ಮಾಡಿದ್ರೆ ಮ್ಯೂಟ್ ಮಾಡು.

ಸಂಕ್ರಾಂತಿ ಆದ ಮೇಲೆ ನನ್ನ ಎರಡನೇ ಎಕ್ಸ್‌ರೇ ಸರಿಯಾಗಿ ಬಂತು. ಮೊನ್ನೆ ಮೊದಲ ಸಲ ಓಡಿಸಿದೆ, ಎಂವಿಐಟಿ ಕ್ರಾಸ್ ತನಕ, ತಂಗಿ ಹಿಂದೆ ಅವಳ ಹಳೇ ಲೇಡಿಬರ್ಡ್‌ನಲ್ಲಿ. ಫೋಟೋ ತೆಗೀಲಿಲ್ಲ. ಚೈನ್ ಸದ್ದು ಇರಲಿಲ್ಲ, ಅದನ್ನೇ ಕೇಳಿಸ್ಕೊಂಡು ಹೋದೆ.

ನಿನ್ನ ಸೈಕಲ್ ಬಿದ್ದ ಮೇಲೆ ಯಾರೂ ನೋಡಿಲ್ಲ ಅಂದೆಯಲ್ಲ. ಈ ಭಾನುವಾರ ಹತ್ತು ಗಂಟೆಗೆ ನಿಮ್ಮಪ್ಪನ ಆಟೋದಲ್ಲಿ ಹಾಕ್ಕೊಂಡು ನಮ್ಮನೆಗೆ ಬಾ. ಡಿರೇಲರ್ ಹ್ಯಾಂಗರ್ ಬಗ್ಗಿರುತ್ತೆ, ಬಲಗಡೆ ಬಿದ್ದ ಸೈಕಲ್ಲಿಗೆ ಮೊದಲು ಆಗೋದು ಅದೇ. ಅಲೆನ್ ಕೀ, ಸ್ಕೇಲ್, ಎಣ್ಣೆ ಎಲ್ಲ ನನ್ನ ಹತ್ತಿರ ಇದೆ. ನೀನು ಒಂದು ಹಳೇ ಬನಿಯನ್ ತಗೊಂಡು ಬಾ, ಒರೆಸೋಕೆ. ನಿನ್ನದು ಒಂದು ಕೈ, ನಮ್ಮದು ಈಗ ನಾಲ್ಕು.

ಬೇರೆಯವರೂ ಬರಬಹುದು. ಮುಂದಿನ ಟೈರನ್ನ ಒಂದು ಸಲ ಒರೆಸಿ ನೋಡಿಕೊಂಡು ಬನ್ನಿ.

#ಹುಣಸಮಾರನಹಳ್ಳಿ #ನಂದಿಬೆಟ್ಟ #ಮಾಗಿಚಳಿ #ಸೈಕಲ್‌ರಿಪೇರಿ #ಬಿಕಾಂಹುಡುಗರು